ಸೊಸೈಟಿಯಲ್ಲಿ ಮೂವರಿಗೆ ಥೈರಾಯ್ಡ್ ಕ್ಯಾನ್ಸರ್: ಕಾರಣ ಟವರೋ, ಸ್ಕ್ಯಾನೋ?



ಕಳೆದ ತಿಂಗಳು ಪುಣೆಯ ಕನ್ನಡಿಗರೊಬ್ಬರು ನನಗೆ ಒಂದು ಸಂದೇಶ ಕಳಿಸಿದ್ದರು. ಹೆಸರು ತೆಗೆದು ಹಾಗೇ ಕೊಡುತ್ತೇನೆ. "ಡಾಕ್ಟ್ರೇ, ನಮ್ಮ ಸೊಸೈಟಿಯಲ್ಲಿ 84 ಮನೆ ಇದಾವೆ. ಒಂದೇ ವರ್ಷದಲ್ಲಿ ಮೂರು ಜನ ಹೆಂಗಸರಿಗೆ ಥೈರಾಯ್ಡ್ ಕ್ಯಾನ್ಸರ್ ಅಂತ ಆಪರೇಷನ್ ಆಯ್ತು. ಟೆರೇಸ್ ಮೇಲೆ ಮೊಬೈಲ್ ಟವರ್ ಇದೆ. ಬೋರ್‌ವೆಲ್ ನೀರೂ ಬಳಸ್ತೀವಿ. ಮನೆಯವರು ಹೆದರಿ, ಊರಿಗೇ ಹೋಗಿಬಿಡೋಣ ಅಂತಿದ್ದಾರೆ. ನಮ್ಮೂರು ಗದಗದ ಹತ್ತಿರ. ಅಲ್ಲಿ ಇಂಥ ಕ್ಯಾನ್ಸರ್ ಒಂದೂ ಕೇಳಿಲ್ಲ. ಏನು ಮಾಡೋದು?"

ನಾನು ಒಂದೇ ಪ್ರಶ್ನೆ ಕೇಳಿದೆ. ಆ ಮೂವರಿಗೆ ಗಂಟು ಇರುವುದು ಗೊತ್ತಾಗಿದ್ದು ಹೇಗೆ? ಕೈಗೆ ಸಿಕ್ಕಿತ್ತಾ, ಕಣ್ಣಿಗೆ ಕಂಡಿತ್ತಾ?

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. ಇಲ್ಲ, ಯಾರಿಗೂ ಏನೂ ತೊಂದರೆ ಇರಲಿಲ್ಲ. ಹಿಂದಿನ ವರ್ಷ ಮಹಿಳಾ ದಿನಾಚರಣೆಗೆ ಸೊಸೈಟಿಯ ಹಾಲ್‌ನಲ್ಲೇ ಹೆಲ್ತ್ ಕ್ಯಾಂಪ್ ಇಟ್ಟಿದ್ದರು. ರಿಯಾಯಿತಿ ದರದ ಪ್ಯಾಕೇಜ್. ರಕ್ತ, ಸಕ್ಕರೆ, ಇಸಿಜಿ ಜೊತೆಗೆ ಕುತ್ತಿಗೆಯ ಸ್ಕ್ಯಾನೂ ಸೇರಿತ್ತು. ಕೊನೆಗೆ ಇನ್ನೊಂದು ಸಾಲು: "ನಮ್ಮ ಮನೆಯವರ ರಿಪೋರ್ಟ್‌ನಲ್ಲೂ 5 ಮಿಲಿಮೀಟರ್ ಗಂಟು ಅಂತ ಬರೆದಿದೆ. ಬರುವ ಬುಧವಾರ ಸೂಜಿ ಹಾಕಿ ನೋಡೋಕೆ ಕರೆದಿದ್ದಾರೆ."

ನಿಜವಾದ ಹೆದರಿಕೆ ಇದ್ದಿದ್ದು ಆ ಕೊನೆಯ ಸಾಲಿನಲ್ಲಿ. ಅವರಿಗೆ ಬರೆದ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲ ಕಡೆಯ ನಮ್ಮವರಿಗೂ ಈ ಪ್ಯಾಕೇಜ್‌ಗಳ ಮೆಸೇಜ್ ಬರುತ್ತಲೇ ಇರುತ್ತವೆ. ಹೃದಯದ ಡಾಕ್ಟರಿಗೆ ಥೈರಾಯ್ಡ್ ಉಸಾಬರಿ ಯಾಕೆ ಅಂತ ಕೇಳಬಹುದು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಮನೆಗಳಲ್ಲಿ "ಅವರಿಗೆ ಥೈರಾಯ್ಡ್ ಇದೆ" ಅಂದರೆ ಬಹುಪಾಲು ಅರ್ಥ, ಆ ಗ್ರಂಥಿ ಹಾರ್ಮೋನ್ ಕಡಿಮೆ ತಯಾರಿಸುತ್ತಿದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತಗೋತಾರೆ ಅಂತ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ತಿರುಗುವ ಕಾಯಿಲೆಯೂ ಅಲ್ಲ. ಥೈರಾಯ್ಡ್ ಗಂಟು ಅಂದರೆ ಬೇರೆ: ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಆ ಗ್ರಂಥಿಯೊಳಗೆ ಸಣ್ಣ ಉಂಡೆಯಂಥದ್ದು. ವಯಸ್ಸಾದಂತೆ ತಲೆಗೂದಲು ಬೆಳ್ಳಗಾಗುವ ಹಾಗೆ ಇವೂ ಬರುತ್ತವೆ, ಬಹುಪಾಲು ನಿರುಪದ್ರವಿ. ಅವುಗಳಲ್ಲಿ ಕೆಲವೇ ಕೆಲವು ಕ್ಯಾನ್ಸರ್. ಆ ಕೆಲವರಲ್ಲೂ ಹೆಚ್ಚಿನವರದ್ದು ಪ್ಯಾಪಿಲರಿ ಅನ್ನುವ, ತುಂಬಾ ನಿಧಾನವಾಗಿ ಬೆಳೆಯುವ ಜಾತಿ.

ಎಷ್ಟು ನಿಧಾನ? 1985ರಲ್ಲಿ ಫಿನ್ಲೆಂಡ್‌ನ ವೈದ್ಯರು ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಶವಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ತೆಳುವಾಗಿ ಹೋಳು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 36 ಜನರಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು! ಬದುಕಿದ್ದಾಗ ಅವರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಅದನ್ನು ಕುತ್ತಿಗೆಯಲ್ಲಿ ಇಟ್ಟುಕೊಂಡೇ ಬದುಕಿ, ಬೇರೆ ಕಾರಣಕ್ಕೆ ಹೋದವರು. ಅಂದರೆ ಮೇಲ್ನೋಟಕ್ಕೆ ಆರೋಗ್ಯವಾಗಿರುವ ನೂರು ಜನರ ಕುತ್ತಿಗೆಯನ್ನು ಹಠ ಹಿಡಿದು ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಎಷ್ಟು ಹುಡುಕುತ್ತೀರೋ ಅಷ್ಟು.

ಒಂದು ಊರಿನಲ್ಲಿ ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ, ಇನ್ನೊಂದು ಊರಿನಲ್ಲಿ ಕಡಿಮೆ ಅನ್ನುವ ಲೆಕ್ಕವನ್ನು ಓದುವಾಗ ಇದನ್ನು ಮರೆಯಬಾರದು. ಹೆಚ್ಚು ಅಂದರೆ ಕಾಯಿಲೆ ಹೆಚ್ಚು ಅಂತಲೂ ಇರಬಹುದು, ಹುಡುಕಾಟ ಹೆಚ್ಚು ಅಂತಲೂ ಇರಬಹುದು.

ಹುಡುಕಾಟವೊಂದೇ ಏನು ಮಾಡಬಲ್ಲದು ಅನ್ನುವುದನ್ನು ದಕ್ಷಿಣ ಕೊರಿಯಾ ಇಡೀ ಜಗತ್ತಿಗೆ ತೋರಿಸಿಕೊಟ್ಟಿದೆ. ಅಲ್ಲಿನ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಜಠರ, ಸ್ತನ, ಗರ್ಭಕಂಠ ಮುಂತಾದ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಥೈರಾಯ್ಡ್ ಇರಲೇ ಇಲ್ಲ. ಆದರೆ ಹೇಗೂ ಬಂದಿದ್ದೀರಲ್ಲ, 30ರಿಂದ 50 ಡಾಲರ್ ಹೆಚ್ಚು ಕೊಟ್ಟರೆ ಕುತ್ತಿಗೆಯ ಸ್ಕ್ಯಾನೂ ಮಾಡುತ್ತೇವೆ ಅಂತ ಆಸ್ಪತ್ರೆಗಳು ಸೇರಿಸತೊಡಗಿದವು. ನಮ್ಮ ಪ್ಯಾಕೇಜ್‌ಗಳ ಹಾಗೆಯೇ. ಜನ ಖುಷಿಯಿಂದ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕೆ ಹೋಲಿಸಿದರೆ 15 ಪಟ್ಟು! ಆ ಒಂದೇ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಇದೆ ಅಂತ ಹೇಳಲಾಯಿತು. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್ ಅದೇ ಆಗಿಬಿಟ್ಟಿತು.

ಮತ್ತೆ ಸಾವು? ಇದ್ದಲ್ಲೇ ಇತ್ತು. ಮೊದಲೂ ವರ್ಷಕ್ಕೆ ಮುನ್ನೂರು ನಾನೂರು, ಆಮೇಲೂ ಅಷ್ಟೇ.

ಇಲ್ಲಿ ಸ್ವಲ್ಪ ನಿಧಾನಿಸಿ ಯೋಚಿಸಿ. ಕಾಯಿಲೆಯೇ ನಿಜವಾಗಿ 15 ಪಟ್ಟು ಹೆಚ್ಚಿದ್ದರೆ ಸಾವಿನ ಸಂಖ್ಯೆಯೂ ಏರಬೇಕಿತ್ತು. ಬೀಡಿ ಸಿಗರೇಟು ಹೆಚ್ಚಾದ ಕಡೆಯಲ್ಲೆಲ್ಲ ಶ್ವಾಸಕೋಶದ ಕ್ಯಾನ್ಸರ್‌ನ ಪತ್ತೆಯೂ ಸಾವೂ ಒಟ್ಟೊಟ್ಟಿಗೆ ಏರಿದವು. ಇನ್ನೊಂದು ಪಕ್ಷ, ಬೇಗ ಹುಡುಕಿದ್ದರಿಂದ ಜೀವ ಉಳಿದಿದೆ ಅನ್ನೋದಾದರೆ ಸಾವಿನ ಸಂಖ್ಯೆ ಇಳಿಯಬೇಕಿತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಹಾಗಾದರೆ ಹೊಸದಾಗಿ ಸಿಕ್ಕವುಗಳಲ್ಲಿ ಬಹುಪಾಲು, ಫಿನ್ಲೆಂಡ್‌ನ ಆ 36 ಜನರಲ್ಲಿದ್ದಂಥವೇ. ಯಾರ ಗೊಡವೆಗೂ ಹೋಗದೆ ಸುಮ್ಮನೆ ಇದ್ದವು. ವೈದ್ಯರು ಇದನ್ನು ಅತಿಪತ್ತೆ ಅನ್ನುತ್ತಾರೆ. ರಿಪೋರ್ಟ್ ತಪ್ಪು ಅಂತಲ್ಲ, ಕ್ಯಾನ್ಸರ್ ಕೋಶ ಅಲ್ಲಿ ಇರುವುದು ನಿಜ. ಆದರೆ ಅದು ಆ ವ್ಯಕ್ತಿಗೆ ಜೀವಮಾನದಲ್ಲಿ ಎಂದೂ ತೊಂದರೆ ಕೊಡುತ್ತಿರಲಿಲ್ಲ.

ಹ್ಯೊಂಗ್ ಸಿಕ್ ಆನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದಾಗ ಕೊರಿಯಾದ ಬೇರೆ ಬೇರೆ ಪ್ರಾಂತ್ಯಗಳನ್ನೂ ಹೋಲಿಸಿ ತೋರಿಸಿದ್ದರು. ಯಾವ ಪ್ರಾಂತ್ಯದಲ್ಲಿ ಹೆಚ್ಚು ಜನ ಸ್ಕ್ಯಾನ್ ಮಾಡಿಸಿಕೊಂಡಿದ್ದರೋ ಅಲ್ಲೇ ಕ್ಯಾನ್ಸರ್ ಹೆಚ್ಚು. ಒಂದೇ ಜನ, ಒಂದೇ ಊಟ, ಒಂದೇ ಸಮುದ್ರ. ಅದೇ ವರ್ಷ ಅಲ್ಲಿನ ಕೆಲವು ವೈದ್ಯರು ಒಟ್ಟಾಗಿ, ಲಕ್ಷಣವಿಲ್ಲದವರು ಈ ಸ್ಕ್ಯಾನ್ ಮಾಡಿಸಬೇಡಿ ಅಂತ ಬಹಿರಂಗವಾಗಿ ಕೇಳಿಕೊಂಡರು, ಪತ್ರಿಕೆ ಟಿವಿಯಲ್ಲಿ ಚರ್ಚೆಯಾಯಿತು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್‌ಗಳು ಸುಮಾರು 35 ಶೇಕಡಾ ಇಳಿದವು. ಗಾಳಿ ನೀರು ಬದಲಾಗಿ ಕಾಯಿಲೆ ಇಳಿದಿದ್ದಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಕ್ಯಾನ್ಸರ್ ಎಷ್ಟಿದೆ ಅಂತ ಲೆಕ್ಕ ಇಡುವ ನೋಂದಣಿ ಕೇಂದ್ರಗಳು ನಮ್ಮಲ್ಲಿ ಹಳೆಯವೇ. ಮುಂಬೈನದು 1963ರದ್ದು. ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲೆ 1982ರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೂ ಚೆನ್ನೈನಲ್ಲೂ ಲೆಕ್ಕ ನಡೆಯುತ್ತಿದೆ. ಹಲವು ಕೇಂದ್ರಗಳ 2006ರಿಂದ 2014ರವರೆಗಿನ ಅಂಕಿಗಳನ್ನು ಜೋಡಿಸಿ 2020ರಲ್ಲಿ ಒಂದು ಅಧ್ಯಯನ ಬಂತು. ಒಟ್ಟಾರೆ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ಲಕ್ಷಕ್ಕೆ 2.5 ಇದ್ದದ್ದು 3.5 ಆಗಿತ್ತು. ಗಂಡಸರಲ್ಲಿ 1.0 ಇದ್ದದ್ದು 1.3. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೆ ಜಾಗದಿಂದ ಜಾಗಕ್ಕೆ ಇದ್ದ ಅಂತರ 10 ಪಟ್ಟಿನವರೆಗೆ! ಎಲ್ಲರಿಗಿಂತ ಮೇಲೆ ಕೇರಳದ ತಿರುವನಂತಪುರಂ ಜಿಲ್ಲೆ. ಅಲ್ಲಿ ಮಹಿಳೆಯರಲ್ಲಿ ಲಕ್ಷಕ್ಕೆ 14.6, ಗಂಡಸರಲ್ಲಿ 4.1.

ಕೇರಳ ಅಂದ ಕೂಡಲೇ ಎಲ್ಲರಿಗೂ ಒಂದೊಂದು ಕಾರಣ ಹೊಳೆಯುತ್ತದೆ. ಮೀನು, ಕಪ್ಪ (ನಮ್ಮ ಮರಗೆಣಸು), ಕೊನೆಗೆ ವಿಕಿರಣ. ವಿಕಿರಣದ ಸಂಶಯವನ್ನು ಮಾತ್ರ ಸುಮ್ಮನೆ ತಳ್ಳಿಹಾಕುವಂತಿಲ್ಲ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ, ಜಗತ್ತಿನಲ್ಲೇ ನೈಸರ್ಗಿಕ ವಿಕಿರಣ ಹೆಚ್ಚಿರುವ ಜಾಗಗಳಲ್ಲಿ ಅದೂ ಒಂದು. ತಲೆಮಾರುಗಳಿಂದ ಜನ ಅದೇ ಮರಳಿನ ಮೇಲೆ ಬದುಕಿದ್ದಾರೆ. ಅದಕ್ಕೇ ವಿಜ್ಞಾನಿಗಳು ಅಲ್ಲಿ 1990ರಿಂದ ನೋಂದಣಿ ಕೇಂದ್ರವನ್ನೇ ತೆರೆದು, ಮನೆ ಮನೆಯ ವಿಕಿರಣ ಅಳೆದು, ಸುಮಾರು 70 ಸಾವಿರ ಜನರನ್ನು ಸರಾಸರಿ 10 ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ವಿಕಿರಣ ಹೆಚ್ಚಿದ್ದ ಮನೆಯವರಲ್ಲಿ ಅದರಿಂದಾಗಿ ಕ್ಯಾನ್ಸರ್ ಹೆಚ್ಚಾಗಿದ್ದು ಕಾಣಲಿಲ್ಲ.

ಹಾಗಾದರೆ ತಿರುವನಂತಪುರಂ ಯಾಕೆ? ಆ ಅಧ್ಯಯನದ ಪ್ರಕಾರ ಏರಿಕೆಯ ದೊಡ್ಡ ಪಾಲು ಅತಿಪತ್ತೆಯದೇ. ಓದು ಬರಹ ಬಲ್ಲ ಜನ, ಹೆಜ್ಜೆಗೊಂದು ಆಸ್ಪತ್ರೆ, ಸುಲಭಕ್ಕೆ ಸಿಗುವ ಸ್ಕ್ಯಾನ್ ಯಂತ್ರ, ಆರೋಗ್ಯಕ್ಕೆ ಖರ್ಚು ಮಾಡುವ ಮನಸ್ಸು. ಇವೆಲ್ಲ ಒಳ್ಳೆಯ ಗುಣಗಳೇ. ಒಳ್ಳೆಯ ಗುಣಗಳಿಗೂ ಇಂಥ ಅಡ್ಡಪರಿಣಾಮ ಇರುತ್ತದೆ ಅಷ್ಟೇ.

ಗದಗದ ಹತ್ತಿರದ ಆ ಹಳ್ಳಿಯ ವಿಷಯವೂ ಇದೇ. ಅಲ್ಲಿ ಕೇಳಿಲ್ಲ ಅಂದರೆ ಅಲ್ಲಿಲ್ಲ ಅಂತಲ್ಲ, ಯಾರೂ ನೋಡಿಲ್ಲ. ನೋಂದಣಿಯ ಒಂದು ನಿಯಮ ಕೇಳಿ: ಒಂದು ಊರಿನಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಆ ಊರಿನವರೆಂದೇ ಎಣಿಸುತ್ತಾರೆ. ನೀವು ಹಳ್ಳಿ ಬಿಟ್ಟು ಪುಣೆಗೋ ಚೆನ್ನೈಗೋ ಬಂದು, ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಗಂಟು ಸಿಕ್ಕರೆ ಅದು ಆ ನಗರದ ಲೆಕ್ಕ. ಅದೇ ಗಂಟು ಹತ್ತು ವರ್ಷದ ಹಿಂದೆ ನಿಮ್ಮೂರಿನಲ್ಲೇ ನಿಮ್ಮ ಕುತ್ತಿಗೆಯಲ್ಲಿ ಕೂತಿದ್ದಿರಬಹುದು. ವಲಸೆ ಬಂದ ನಮ್ಮಂಥವರಿಗೆ ನಗರ ಕಾಯಿಲೆ ಕೊಡುತ್ತದೆ ಅನಿಸುವುದು ಸಹಜ. ಬಿಪಿ, ಶುಗರ್ ವಿಷಯದಲ್ಲಿ ಅದು ಸ್ವಲ್ಪ ನಿಜವೂ ಹೌದು. ಥೈರಾಯ್ಡ್ ಕ್ಯಾನ್ಸರ್ ವಿಷಯದಲ್ಲಿ ನಗರ ಹೆಚ್ಚಾಗಿ ಕೊಡುವುದು ಕಾಯಿಲೆಯ ಹೆಸರನ್ನು.

ಇಷ್ಟು ಹೇಳಿ ಜಾಗಕ್ಕೂ ಈ ಕ್ಯಾನ್ಸರ್‌ಗೂ ಸಂಬಂಧವೇ ಇಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತದೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ವಿಕಿರಣಶೀಲ ಅಯೋಡಿನ್ ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಇಳಿದು, ಆ ಹಾಲು ಕುಡಿದ ಮಕ್ಕಳ ಥೈರಾಯ್ಡ್‌ನಲ್ಲಿ ಶೇಖರವಾಯಿತು. ನಾಲ್ಕೈದು ವರ್ಷದ ನಂತರ ಉಕ್ರೇನ್, ಬೆಲರೂಸ್, ರಷ್ಯಾದ ಬಾಧಿತ ಪ್ರದೇಶಗಳಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಏರತೊಡಗಿತು. 2005ರವರೆಗೆ 6 ಸಾವಿರಕ್ಕೂ ಹೆಚ್ಚು ಪ್ರಕರಣ. ಇದು ನಿಜವಾದ ಏರಿಕೆ. (ಅಷ್ಟು ಜನರಲ್ಲೂ ಆವರೆಗೆ ತೀರಿಕೊಂಡವರು 15. ಈ ಕ್ಯಾನ್ಸರ್‌ನ ಸ್ವಭಾವ ಇದರಿಂದಲೂ ತಿಳಿಯುತ್ತದೆ.)

2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಪಘಾತವಾದಾಗ ಚೆರ್ನೋಬಿಲ್ ನೆನಪಿನಿಂದ ಸುಮಾರು 3 ಲಕ್ಷ ಮಕ್ಕಳ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದರು. ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಕ್ಯಾನ್ಸರ್ ಅಥವಾ ಸಂಶಯದ ಪ್ರಕರಣ ಸಿಕ್ಕಾಗ ತಂದೆ ತಾಯಿಗಳ ಎದೆ ಒಡೆಯಿತು. ಆದರೆ ಅಲ್ಲಿಂದ ದೂರದ ಅಓಮೊರಿ, ಯಮನಶಿ, ನಾಗಸಾಕಿಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅದೇ ರೀತಿ ನೋಡಿದಾಗ ಗಂಟು, ನೀರುಗುಳ್ಳೆಗಳು ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಇದ್ದವು. ಮಕ್ಕಳಿಗೆ ತಗುಲಿದ ವಿಕಿರಣ ಚೆರ್ನೋಬಿಲ್‌ಗಿಂತ ಬಹಳ ಕಡಿಮೆ, ಇವು ಸೂಕ್ಷ್ಮ ಸ್ಕ್ಯಾನ್‌ನಿಂದ ಹೊರಬಂದವು ಅಂತ ವಿಶ್ವಸಂಸ್ಥೆಯ ವಿಕಿರಣ ಸಮಿತಿ ಹೇಳಿತು.

ಮೊಬೈಲ್ ಟವರಿನ ವಿಕಿರಣ ಈ ಜಾತಿಯದೇ ಅಲ್ಲ. ಎಕ್ಸ್‌ರೇ, ಅಣುವಿಕಿರಣಗಳಂತೆ ಕೋಶದ ಡಿಎನ್ಎ ಒಡೆಯುವ ಶಕ್ತಿ ರೇಡಿಯೋ ತರಂಗಕ್ಕಿಲ್ಲ. ಟವರ್ ಬಾಡಿಗೆಯ ವಿಷಯದಲ್ಲಿ ಸೊಸೈಟಿಯಲ್ಲಿ ಜಗಳವಿದ್ದರೆ ಅದನ್ನು ಬೇರೆಯಾಗಿ ಆಡಿಕೊಳ್ಳಿ.

ಉಪ್ಪಿನ ಬಗ್ಗೆ ಒಂದು ಮಾತು. ಅಯೋಡಿನ್ ಕಡಿಮೆ ಇರುವ ಕಡೆ ಗಳಗಂಡ ಹೆಚ್ಚು, ಫಾಲಿಕ್ಯುಲರ್ ಅನ್ನುವ ಸ್ವಲ್ಪ ಹಟಮಾರಿ ಕ್ಯಾನ್ಸರ್‌ನ ಪಾಲೂ ಹೆಚ್ಚು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದ ಮೇಲೆ, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೇ ಶುರುವಾಯಿತು. ನಮ್ಮ ಮಲೆನಾಡಿನ ಹಳಬರಿಗೆ ಗಳಗಂಡದ ಮುಖ ನೆನಪಿರುತ್ತದೆ. ಈಗ ಕೆಲವು ಮನೆಗಳಲ್ಲಿ "ಆರೋಗ್ಯಕ್ಕೆ" ಅಂತ ಪೂರ್ತಿ ಸೈಂಧವ ಲವಣಕ್ಕೆ, ಗುಲಾಬಿ ಉಪ್ಪಿಗೆ ಬದಲಾಗಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಬೇಡ. ಅಯೋಡಿನ್ ಉಪ್ಪೇ ಇರಲಿ, ಆದರೆ ಪ್ರಮಾಣ ಕಡಿಮೆ ಇರಲಿ. ಇದು ಬಿಪಿ ನೋಡುವವನ ಮಾತು.

ಹೆಂಗಸರಿಗೇ ಯಾಕೆ ಹೆಚ್ಚು ಅಂತ ತುಂಬಾ ಜನ ಕೇಳುತ್ತಾರೆ. ಲೆಕ್ಕದಲ್ಲಿ ಗಂಡಸರ ಮೂರು ಪಟ್ಟು ಇರುವುದು ನಿಜ. ಆದರೆ ಶವಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಹೆಂಗಸರಲ್ಲೂ ಗಂಡಸರಲ್ಲೂ ಬಹುತೇಕ ಸಮನಾಗಿತ್ತು. ಮುಟ್ಟು ತಪ್ಪಿದರೆ ಥೈರಾಯ್ಡ್ ಟೆಸ್ಟ್, ಬಸುರಾದರೆ ಥೈರಾಯ್ಡ್ ಟೆಸ್ಟ್, ತೂಕ ಹೆಚ್ಚಾದರೆ ಥೈರಾಯ್ಡ್ ಟೆಸ್ಟ್, ಟೆಸ್ಟ್ ಸ್ವಲ್ಪ ಏರುಪೇರಾದರೆ ಸ್ಕ್ಯಾನ್. ಗಂಡಸರ ಕುತ್ತಿಗೆಯನ್ನು ಯಾರೂ ಇಷ್ಟು ಸಲ ನೋಡುವುದಿಲ್ಲ.

ಈಗ ನನ್ನ ಕಥೆ.

ನನ್ನ ದೊಡ್ಡಮ್ಮನ ಮಗಳು ಮದುವೆಯಾಗಿ ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದಾಳೆ. ಕೆಲವು ವರ್ಷದ ಹಿಂದೆ ಫೋನ್ ಮಾಡಿ, ಎದ್ದು ನಿಂತರೆ ತಲೆ ಸುತ್ತುತ್ತದೆ ಅಂದಳು. ಆಗ ಅವಳಿಗೆ 54. ಬಿಪಿ ಮಾತ್ರೆಯ ಡೋಸ್ ಹೆಚ್ಚಾಗಿತ್ತು, ಕಡಿಮೆ ಮಾಡಿದರೆ ಸಾಕಿತ್ತು. ಆದರೂ ಅಕ್ಕ ಅಂತ ಅತಿ ಕಾಳಜಿಯಿಂದ, ಮಿದುಳಿಗೆ ಹೋಗುವ ಕುತ್ತಿಗೆಯ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್‌ಗೂ ಚೀಟಿ ಬರೆದೆ. ಆ ರಕ್ತನಾಳಗಳು ಥೈರಾಯ್ಡ್‌ಗೆ ಅಂಟಿಕೊಂಡಂತೆಯೇ ಹೋಗುತ್ತವೆ. ರಕ್ತನಾಳ ಚೆನ್ನಾಗಿತ್ತು. ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು: ಥೈರಾಯ್ಡ್‌ನ ಬಲಭಾಗದಲ್ಲಿ 6 ಮಿಲಿಮೀಟರ್ ಗಂಟು, ಸಂಶಯಾಸ್ಪದ.

ಆಮೇಲೆ ಎಲ್ಲವೂ ತಾನಾಗಿ ಉರುಳಿತು. ಸೂಜಿ ಪರೀಕ್ಷೆ, ಪ್ಯಾಪಿಲರಿ, ಮನೆಯಲ್ಲಿ ಅಳು, ಹದಿನೈದು ದಿನದಲ್ಲಿ ಆಪರೇಷನ್. ಇಡೀ ಗ್ರಂಥಿ ತೆಗೆದರು. ಗ್ರಂಥಿಯ ಹಿಂದೆ ಅಂಟಿಕೊಂಡಿರುವ, ಕ್ಯಾಲ್ಸಿಯಂ ನೋಡಿಕೊಳ್ಳುವ ಅಕ್ಕಿಕಾಳಿನಷ್ಟು ಗಾತ್ರದ ಗ್ರಂಥಿಗಳಿಗೂ ಪೆಟ್ಟಾಯಿತು. ಅಕ್ಕನ ಬೆರಳು, ತುಟಿ ಜುಮುಗುಟ್ಟುವುದು, ಕೈ ಸೆಟೆದುಕೊಳ್ಳುವುದು ಶುರುವಾಯಿತು. (ಕೊರಿಯಾದಲ್ಲಿ ಆಪರೇಷನ್ ಆದ 15 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ 100ರಲ್ಲಿ 11 ಜನರಿಗೆ ಈ ಸಮಸ್ಯೆ, 2 ಜನರಿಗೆ ಧ್ವನಿತಂತುವಿನ ಪಾರ್ಶ್ವವಾಯು ಆಗಿತ್ತು.) ಮತ್ತೆ ಕ್ಯಾನ್ಸರ್ ಬರಬಾರದು ಅಂತ ಥೈರಾಕ್ಸಿನ್ ಮಾತ್ರೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟು ಟಿಎಸ್ಎಚ್ ಪೂರ್ತಿ ತಗ್ಗಿಸಿದ್ದರು. ಅಷ್ಟು ಸಣ್ಣ, ಹೆಚ್ಚು ಅಪಾಯವಿಲ್ಲದ ಕ್ಯಾನ್ಸರ್‌ಗೆ ಅದು ಬೇಕಿರಲಿಲ್ಲ. ನಾಲ್ಕನೇ ವರ್ಷ ಒಂದು ರಾತ್ರಿ ಅಕ್ಕ ಫೋನ್ ಮಾಡಿ "ಎದಿಯೊಳಗ ಮೀನು ಹೊರಳಾಡಿದಂಗ ಆಗಾಕತ್ತೇತಿ" ಅಂದಳು. ಇಸಿಜಿ ತೆಗೆಸಿದೆ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವುದು. ಹೀಗಾದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಥೈರಾಕ್ಸಿನ್ ಡೋಸ್ ಇಳಿಸಿದೆವು, ರಕ್ತ ತೆಳುವಾಗುವ ಮಾತ್ರೆ ಶುರು ಮಾಡಿದೆವು. ಈಗ ಪರವಾಗಿಲ್ಲ. ದಿನಕ್ಕೆ ಐದು ಬಗೆಯ ಮಾತ್ರೆ.

ಆ ಮೊದಲ ಚೀಟಿ ನನ್ನ ಕೈಬರಹದ್ದು.

ಅಕ್ಕ ಇದನ್ನು ಹೇಗೆ ನೋಡುತ್ತಾಳೆ ಗೊತ್ತೇ? "ನನ್ನ ತಮ್ಮ ಹೃದಯದ ಡಾಕ್ಟರ್ ಆಗಿದ್ರೂ ಕ್ಯಾನ್ಸರ್ ಹಿಡದು ಜೀವಾ ಉಳಿಸ್ಯಾನ" ಅಂತ ಎಲ್ಲರ ಮುಂದೆ ಹೇಳುತ್ತಾಳೆ. ಪ್ರತಿ ನಾಗರಪಂಚಮಿಗೆ ನನಗೆ ಅಂತಲೇ ಬೇರೆ ಉಂಡಿ ಕಟ್ಟಿ ಕಳಿಸುತ್ತಾಳೆ. ಅವಳ ಮಾತು ಕೇಳಿ ಅವಳ ಭಜನಾ ಮಂಡಳಿಯ ನಾಲ್ಕು ಜನ ಕುತ್ತಿಗೆ ಸ್ಕ್ಯಾನ್ ಮಾಡಿಸಿಕೊಂಡರು. ಒಬ್ಬರಿಗೆ ಗಂಟು ಸಿಕ್ಕಿತು. ಈ ಕ್ಯಾನ್ಸರ್ ಒಂದು ಬಡಾವಣೆಯಲ್ಲಿ, ಒಂದು ಸಮಾಜದಲ್ಲಿ, ಒಂದು ಬಂಧುಬಳಗದಲ್ಲಿ ಹಬ್ಬಿದಂತೆ ಕಾಣುವುದು ಹೀಗೆ. ಹಬ್ಬಿದ್ದು ಸ್ಕ್ಯಾನ್ ಮಾಡಿಸುವ ಸಲಹೆ.

ಇದನ್ನು ಬರೆಯುವ ಮೊದಲು ಅಕ್ಕನಿಗೆ ಓದಿ ಹೇಳಿದೆ, ಕಳಿಸಲೇ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಾರ ಅದನ್ನ ತಗೀಬಾರದಿತ್ತೇನು?" ಅಂದಳು. ನನ್ನ ಹತ್ತಿರ ನೇರ ಉತ್ತರ ಇರಲಿಲ್ಲ. ಸಾವಿರ ಜನರ ಲೆಕ್ಕದಲ್ಲಿ ಬಹುಪಾಲು ಗಂಟುಗಳನ್ನು ಮುಟ್ಟಬೇಕಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಆ ಸಾವಿರದಲ್ಲಿ ಅಕ್ಕನದು ಯಾವುದು ಅಂತ ಯಾರಿಗೂ ಹೇಳಲಾಗದು. ಸಿಕ್ಕ ಮೇಲೆ ಕೈಕಟ್ಟಿ ಕೂರುವುದೂ ಸುಲಭವಲ್ಲ. ಅದಕ್ಕೇ ಕಾರಣವಿಲ್ಲದೆ ಹುಡುಕಬೇಡಿ ಅನ್ನುವುದು. "ಕಳಸು" ಅಂದಳು.

ಹಾಗಾದರೆ ನೀವು ಏನು ಮಾಡಬೇಕು? ಲಕ್ಷಣವೇನೂ ಇಲ್ಲದಿದ್ದರೆ, ಪ್ಯಾಕೇಜ್‌ನಲ್ಲಿ ಉಚಿತವಾಗಿ ಸಿಕ್ಕರೂ ಕುತ್ತಿಗೆಯ ಸ್ಕ್ಯಾನ್ ಬೇಡ ಅನ್ನಿ. ಅಮೆರಿಕದ ತಜ್ಞರ ಕಾರ್ಯಪಡೆ 2017ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ: ಲಕ್ಷಣವಿಲ್ಲದ ವಯಸ್ಕರಲ್ಲಿ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ, ಲಾಭಕ್ಕಿಂತ ಹಾನಿ ಹೆಚ್ಚು. ಹಣ ಮತ್ತು ಆತಂಕ ಖರ್ಚು ಮಾಡಲೇಬೇಕಿದ್ದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಇವೆ. ಅಮ್ಮಂದಿರ ಗರ್ಭಕಂಠದ ಪರೀಕ್ಷೆ ಇದೆ. ಬೇಗ ಹಿಡಿದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಅಲ್ಲಿ ಪುರಾವೆ ಇದೆ. ಆ ಪರೀಕ್ಷೆಗೆ ಮಾತ್ರ ನಮ್ಮ ಹೆಂಗಸರು ನಾಚಿಕೆಯಿಂದ ಹೋಗುವುದಿಲ್ಲ.

ಆದರೆ ಇದನ್ನು ಓದಿ, ಇರುವ ಲಕ್ಷಣವನ್ನು ಮುಚ್ಚಿಟ್ಟುಕೊಂಡು ಕೂರಬೇಡಿ. ಕುತ್ತಿಗೆಯಲ್ಲಿ ಕಣ್ಣಿಗೆ ಕಾಣುವ ಅಥವಾ ಕೈಗೆ ಸಿಗುವ ಗಂಟು, ಅದು ಬೆಳೆಯುತ್ತಿರುವುದು, ಮೂರು ವಾರ ಕಳೆದರೂ ಸರಿಹೋಗದ ಧ್ವನಿ, ನುಂಗಲು ಕಷ್ಟ, ಕುತ್ತಿಗೆಯ ಪಕ್ಕದಲ್ಲಿ ಗಟ್ಟಿ ಗಂಟು, ಚಿಕ್ಕಂದಿನಲ್ಲಿ ಕುತ್ತಿಗೆಗೋ ತಲೆಗೋ ವಿಕಿರಣ ಚಿಕಿತ್ಸೆ ಆಗಿದ್ದುದು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ ಹತ್ತಿರ ಹೋಗಿ. ಆಗ ಸ್ಕ್ಯಾನ್ ಬೇಕೇ ಬೇಕು. ಮೆಡುಲರಿ ಅನ್ನುವ ಅಪರೂಪದ ಜಾತಿ ಮನೆತನದಲ್ಲಿ ಬರುತ್ತದೆ. ರಕ್ತಸಂಬಂಧಿಗೆ ಅದಾಗಿದ್ದರೆ ಡಾಕ್ಟರಿಗೆ ಹೇಳಿ. ಕೆಲವು ಥೈರಾಯ್ಡ್ ಕ್ಯಾನ್ಸರ್‌ಗಳು ನಿಜಕ್ಕೂ ಕೆಟ್ಟವು. ಅಮೆರಿಕದಲ್ಲಿ ದೊಡ್ಡ, ಮುಂದುವರಿದ ಗಡ್ಡೆಗಳೂ ಸ್ವಲ್ಪ ಸ್ವಲ್ಪ ಹೆಚ್ಚುತ್ತಿವೆ ಅನ್ನುವ ವರದಿಗಳಿವೆ. ಏರಿಕೆಯೆಲ್ಲ ಬರೀ ಸ್ಕ್ಯಾನಿನದು ಅಂತ ನಾನೂ ಹೇಳುವುದಿಲ್ಲ.

ಈಗಾಗಲೇ ಸ್ಕ್ಯಾನ್ ಆಗಿ ಗಂಟು ಸಿಕ್ಕಿದ್ದರೆ, ಮೊದಲು ಅದರ ಗಾತ್ರ ನೋಡಿ. ತುಂಬಾ ಸಂಶಯಾಸ್ಪದವಾಗಿ ಕಾಣುವ ಗಂಟಿಗೂ 1 ಸೆಂಟಿಮೀಟರ್ ಆಗುವವರೆಗೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಸ್ವಲ್ಪ ಸಂಶಯವಿದ್ದರೆ 1.5, ತೀರಾ ಕಡಿಮೆ ಸಂಶಯವಿದ್ದರೆ 2.5 ಸೆಂಟಿಮೀಟರ್ ಅನ್ನುವುದು ರೇಡಿಯಾಲಜಿಸ್ಟರು ಬಳಸುವ ಒಂದು ಅಳತೆ. ಸಣ್ಣ ಕ್ಯಾನ್ಸರ್ ಅಂತಲೇ ಖಚಿತವಾದರೂ ತಕ್ಷಣ ಆಪರೇಷನ್ ಒಂದೇ ದಾರಿಯಲ್ಲ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಡಾ. ಅಕಿರಾ ಮಿಯಾಉಚಿ 1993ರಿಂದ 1 ಸೆಂಟಿಮೀಟರ್‌ಗಿಂತ ದೊಡ್ಡದಲ್ಲದ, ಅಪಾಯವಿಲ್ಲದ ಜಾಗದಲ್ಲಿರುವ ಪ್ಯಾಪಿಲರಿ ಕ್ಯಾನ್ಸರ್‌ಗಳನ್ನು ತೆಗೆಯದೆ, ಸ್ಕ್ಯಾನ್‌ನಲ್ಲಿ ನೋಡಿಕೊಂಡು ಹೋಗುವ ಕ್ರಮ ತಂದರು. 1,235 ಜನರ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಗಂಟು 3 ಮಿಲಿಮೀಟರ್ ಬೆಳೆದದ್ದು ನೂರರಲ್ಲಿ ಸುಮಾರು 8 ಜನರಿಗೆ. ಥೈರಾಯ್ಡ್ ಕ್ಯಾನ್ಸರ್‌ನಿಂದ ಯಾರೂ ಸಾಯಲಿಲ್ಲ. ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರೂ ತಡವಾಗಿರಲಿಲ್ಲ. ಆಪರೇಷನ್ ಬೇಕೇ ಬೇಕು ಅನಿಸಿದರೂ ಅರ್ಧ ಗ್ರಂಥಿ ತೆಗೆದರೆ ಸಾಕಾಗುತ್ತದೆಯೇ ಅಂತ ಕೇಳಿ. ತಿಂಗಳು ಎರಡು ತಿಂಗಳು ತಡವಾದರೆ ಏನೂ ಆಗದು, ಇನ್ನೊಬ್ಬ ಹಾರ್ಮೋನ್ ತಜ್ಞರ ಅಭಿಪ್ರಾಯ ಪಡೆಯಿರಿ.

ಈಗಾಗಲೇ ಗ್ರಂಥಿ ತೆಗೆಸಿಕೊಂಡವರು ದಯವಿಟ್ಟು ಇದನ್ನು ಓದಿ ಕೊರಗಬೇಡಿ, ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ. ಮುಂದಿನ ಸಲ ಹೋದಾಗ ಒಂದು ಮಾತು ಕೇಳಿ: "ನನ್ನ ಟಿಎಸ್ಎಚ್ ಎಷ್ಟಿರಬೇಕು? ಅಷ್ಟು ತಗ್ಗಿಸುವ ಅಗತ್ಯ ಇನ್ನೂ ಇದೆಯೇ?" ಎದೆ ಡವಡವ ಅನ್ನುತ್ತಿದ್ದರೆ, ನಾಡಿ ಏರುಪೇರಾಗಿದ್ದರೆ ಒಂದು ಇಸಿಜಿ ತೆಗೆಸಿ.

ಪುಣೆಯ ಆ ಮನೆಯವರು ಬುಧವಾರದ ಸೂಜಿ ಪರೀಕ್ಷೆ ಮುಂದೂಡಿ, ರಿಪೋರ್ಟ್ ತೆಗೆದುಕೊಂಡು ಒಬ್ಬ ಹಾರ್ಮೋನ್ ತಜ್ಞರನ್ನು ಕಂಡರು. ಅವರು ಕುತ್ತಿಗೆ ಮುಟ್ಟಿ ನೋಡಿ, 5 ಮಿಲಿಮೀಟರ್‌ಗೆ ಈಗ ಏನೂ ಬೇಡ, ಒಂದು ವರ್ಷ ಬಿಟ್ಟು ಒಮ್ಮೆ ಸ್ಕ್ಯಾನ್ ಮಾಡೋಣ ಅಂದರಂತೆ. ಗದಗಿಗೆ ಹೋಗುವ ಟಿಕೆಟ್ ಮಾತ್ರ ರದ್ದು ಮಾಡಿಲ್ಲ. ದೀಪಾವಳಿಗೆ ಹೋಗಿ ವಾಪಸ್ ಬರುತ್ತಾರಂತೆ.